ಕಾಯಕದ ಮನೆಯಲ್ಲಿ ಸಿಹಿಗೆ ಅಳತೆಯಿರಲಿ

ಬೇಸಿಗೆಯಲ್ಲಿ ಗೋರ್ಟಾ (ಬಿ) ಗ್ರಾಮದ ಯಾವ ಮನೆಯ ಹೊಸ್ತಿಲು ತುಳಿದರೂ ಮೊದಲು ನೀರಿನ ತಂಬಿಗೆ ಮುಂದೆ ಬರುತ್ತದೆ. ಬಂದವರ ದಾಹ ತಣಿಸುವುದು ನಮ್ಮ ಭಾಗದ ದೊಡ್ಡ ಗುಣ. ಆದರೆ ಬಸವಕಲ್ಯಾಣ, ಹುಮನಾಬಾದ್‌ಗಳ ಕಚೇರಿ, ಶಾಲೆ, ಅಂಗಡಿ, ಕಾರ್ಖಾನೆಗಳಲ್ಲಿ ಈ ಗುಣವೇ ಬೇರೊಂದು ರೂಪ ತಾಳಿದೆ. ಬೆಳಿಗ್ಗೆ ಒಂದು ಚಹಾ, ಬಂದವರ ನೆಪದಲ್ಲಿ ಮತ್ತೆರಡು, ಸಭೆಯಿದ್ದರೆ ತಂಪು ಪಾನೀಯದ ಬಾಟಲಿ. 'ಬೇಡ' ಎಂದವರನ್ನೂ ಒತ್ತಾಯಿಸಿ ಕುಡಿಸುವುದೇ ಮರ್ಯಾದೆ ಎಂದು ತಿಳಿದಿದ್ದೇವೆ. ಈ ತಪ್ಪಿಗೆ ನಾವೂ ಹೊರತಲ್ಲ.

ಲೆಕ್ಕ ಹಾಕಿ ನೋಡೋಣ. 300 ಮಿಲಿಲೀಟರಿನ ಒಂದು ಕೋಲಾ ಬಾಟಲಿಯಲ್ಲಿ ಸುಮಾರು 30 ಗ್ರಾಂ, ಅಂದರೆ ಏಳೆಂಟು ಚಿಕ್ಕ ಚಮಚ ಸಕ್ಕರೆ ಇರುತ್ತದೆ. ಎರಡೆರಡು ಚಮಚ ಹಾಕಿದ ಐದು ಕಪ್ ಚಹಾದಿಂದ 40 ಗ್ರಾಂ. ಎರಡೂ ಸೇರಿದರೆ 70 ಗ್ರಾಂ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ನೀಡಿದ ಸಲಹೆಯಂತೆ ವಯಸ್ಕರಿಗೆ ದಿನಕ್ಕೆ ಹೆಚ್ಚೆಂದರೆ 50 ಗ್ರಾಂ. 25 ಗ್ರಾಮಿಗೆ ಇಳಿಸಿದರೆ ಇನ್ನೂ ಒಳಿತು. ಕುಡಿದ ಸಕ್ಕರೆ ಹೊಟ್ಟೆ ತುಂಬಿಸುವುದಿಲ್ಲ, ಊಟವೂ ಕಡಿಮೆಯಾಗುವುದಿಲ್ಲ. ಮಿಕ್ಕದ್ದು ಬೊಜ್ಜಾಗಿ, ಮಧುಮೇಹಕ್ಕೆ ದಾರಿಯಾಗುತ್ತದೆ. ದೇಶದಲ್ಲಿ 10 ಕೋಟಿಗೂ ಹೆಚ್ಚು ಜನರಿಗೆ ಮಧುಮೇಹವಿದೆಯೆಂದು 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ ಅಂದಾಜಿಸಿದೆ.

ಇದನ್ನು ಕೆಲಸಗಾರರ ನಾಲಿಗೆಯ ಚಪಲವೆಂದು ದೂರುವುದು ಸುಲಭ. ನಮ್ಮ ಅಭಿಪ್ರಾಯದಲ್ಲಿ ಹೊಣೆ ಮೊದಲು ಕೊಡುವವರದು. ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 2015ರಲ್ಲಿ ತನ್ನ ಆವರಣದಲ್ಲಿ ಸಿಹಿ ಪಾನೀಯಗಳ ಮಾರಾಟ ನಿಲ್ಲಿಸಿತು. ಮನೆಯಿಂದ ತಂದು ಕುಡಿಯಲು ಅಡ್ಡಿಯಿರಲಿಲ್ಲ. ಆದರೂ ಹತ್ತು ತಿಂಗಳ ಬಳಿಕ, ಹೆಚ್ಚು ಕುಡಿಯುತ್ತಿದ್ದ 214 ನೌಕರರಲ್ಲಿ ಸೇವನೆ ಸುಮಾರು ಅರ್ಧಕ್ಕಿಳಿದಿತ್ತು. ಸೊಂಟದ ಸುತ್ತಳತೆ ಸರಾಸರಿ 2 ಸೆಂಟಿಮೀಟರು ತಗ್ಗಿತ್ತು. ಎದುರಿಗಿಲ್ಲದ್ದನ್ನು ಮನಸ್ಸು ಬೇಗ ಮರೆಯುತ್ತದೆ. ನಮ್ಮ ಕೇಂದ್ರ ಆರೋಗ್ಯ ಸಚಿವಾಲಯವೂ 2025ರಲ್ಲಿ, ತಿನಿಸುಗಳಲ್ಲಿರುವ ಎಣ್ಣೆ, ಸಕ್ಕರೆಯ ಪ್ರಮಾಣ ತಿಳಿಸುವ ಫಲಕಗಳನ್ನು ಕಚೇರಿಗಳಲ್ಲಿ ಹಾಕಲು ಸೂಚಿಸಿದೆ.

'ಕಬ್ಬು ಬೆಳೆಯುವ ನಾಡಿನಲ್ಲಿ ಸಕ್ಕರೆ ಬೇಡವೆನ್ನಬಹುದೇ?' ಎಂದು ರೈತಬಾಂಧವರು ಕೇಳಿಯಾರು. ನ್ಯಾಯವಾದ ಪ್ರಶ್ನೆ. ಹಬ್ಬದ ಹೋಳಿಗೆಯನ್ನು ನಾವು ಬೇಡವೆನ್ನುತ್ತಿಲ್ಲ. ಆದರೆ ಕಬ್ಬು ಬೆಳೆದವನ ಮಗ ನಲವತ್ತಕ್ಕೇ ಇನ್ಸುಲಿನ್ ಸೂಜಿ ಹಿಡಿದರೆ, ಬೆಳೆಯ ಹಣ ಔಷಧದಂಗಡಿಗೆ ಸೇರುತ್ತದೆ. ಬೆಲ್ಲದ ಪಾನಕ, ಕಬ್ಬಿನ ಹಾಲುಗಳಿಗೂ ಇದೇ ಅಳತೆ ಅನ್ವಯಿಸುತ್ತದೆಂಬುದನ್ನು ಮರೆಯಬಾರದು.

ಆದ್ದರಿಂದ ಕಚೇರಿ, ಅಂಗಡಿ, ಸಂಸ್ಥೆಗಳನ್ನು ನಡೆಸುವ ಸದ್ಭಕ್ತರಲ್ಲಿ ನಮ್ಮ ವಿನಂತಿ: ಕೆಲಸದ ಜಾಗದ ಹತ್ತಿರವೇ ಶುದ್ಧವಾದ ತಣ್ಣೀರಿನ ವ್ಯವಸ್ಥೆಯಿರಲಿ. ನೀರು ದೂರವಿದ್ದು ಬಾಟಲಿ ಹತ್ತಿರವಿದ್ದರೆ ಬಿಸಿಲಲ್ಲಿ ದುಡಿಯುವವನು ಬಾಟಲಿಯನ್ನೇ ಕೊಳ್ಳುತ್ತಾನೆ. ಚಹಾಕ್ಕೆ ಸಕ್ಕರೆ ಬೆರೆಸದೆ ಬೇರೆಯಾಗಿಡಿ. ಬೇಕಾದವರು ಬೇಕಾದಷ್ಟು ಹಾಕಿಕೊಳ್ಳಲಿ. ಸಭೆಗಳಲ್ಲಿ ಜೀರಿಗೆ, ಕೊತ್ತಂಬರಿ ಹಾಕಿದ ಮಜ್ಜಿಗೆ ಕೊಡಿ. ರಕ್ತದೊತ್ತಡವುಳ್ಳವರಿಗಾಗಿ ಉಪ್ಪು ಕಡಿಮೆಯಿರಲಿ. ಯಾರನ್ನೂ ಹಂಗಿಸಬೇಡಿ, ವಾರಕ್ಕೆ ಅರ್ಧ ಚಮಚ ಕಡಿಮೆ ಮಾಡಿದರೂ ನಾಲಿಗೆ ಒಗ್ಗಿಕೊಳ್ಳುತ್ತದೆ. ಒಂದು ಎಚ್ಚರ: ಮಧುಮೇಹಿಗಳಿಗೆ ರಕ್ತದ ಸಕ್ಕರೆ ಇಳಿದು ಬೆವರು, ನಡುಕ, ಮಂಕು ಕವಿದಾಗ, ಪ್ರಜ್ಞೆಯಿದ್ದರೆ, ತಕ್ಷಣ ಸಕ್ಕರೆ ನೀರು ಕೊಡಲೇಬೇಕು, ಪ್ರಜ್ಞೆಯಿಲ್ಲದಿದ್ದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು.

ದುಡಿಯುವ ದೇಹ ಗಟ್ಟಿಯಿದ್ದರೆ ತಾನೇ ಕಾಯಕ ನಡೆದೀತು, ದಾಸೋಹ ಸಾಗೀತು? ಉಂಡವರಿಗೆ ಕೇಡಾಗುವುದನ್ನು ನೀಡುವುದು ದಾಸೋಹವಲ್ಲ. ಮುಂದಿನ ಸಭೆಯಲ್ಲಿ ಬಾಟಲಿಯ ಬದಲು ಮಜ್ಜಿಗೆಯ ಲೋಟ ಮುಂದೆ ಬರಲಿ. ಆ ಬದಲಾವಣೆ ನಮ್ಮ ಕೈಯಿಂದಲೇ ಮೊದಲಾಗಲಿ.