ಹುಮ್ಮಸ್ಸನ್ನು ನಂಬಿ ಓಡಬಹುದೇ?

ಮೊದಲ ಸಲ ಹಾಫ್ ಮ್ಯಾರಥಾನಿಗೆ ಹೆಸರು ಕೊಟ್ಟವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ: ಹುಮ್ಮಸ್ಸು ಇಳಿಯದಂತೆ ನೋಡಿಕೊಳ್ಳುವುದು ಹೇಗೆ? ಈ ಪ್ರಶ್ನೆಯ ಹೊಟ್ಟೆಯೊಳಗೆ ಒಂದು ನಂಬಿಕೆ ಕೂತಿದೆ. ಹುಮ್ಮಸ್ಸು ಮೊದಲು ಬರಬೇಕು, ಕಾಲು ಆಮೇಲೆ ಏಳಬೇಕು ಎನ್ನುವ ನಂಬಿಕೆ. ನನಗೆ ಅನುಮಾನವಿರುವುದು ಅದರ ಮೇಲೆಯೇ. ಎದ್ದು ಓಡಿ ಬಂದವನಿಗೆ ಹುಮ್ಮಸ್ಸು ಹುಟ್ಟುವುದನ್ನು ನೋಡಿದಷ್ಟು, ಹುಮ್ಮಸ್ಸು ಬಂದು ಎದ್ದವನನ್ನು ನಾನು ನೋಡಿಲ್ಲ.

ಆದರೆ ಓಡುವವರೆಲ್ಲ ಒಂದೇ ಬಗೆಯವರಲ್ಲ. ಮಾಗಡಿ ತಾಲ್ಲೂಕಿನ ಕೆಂಪಾಪುರ 2015ರಲ್ಲಿ ಪತ್ರಿಕೆಗಳಲ್ಲಿ ಕಾಣಿಸಿಕೊಂಡಿತು. ಬೆಂಗಳೂರು ಕಟ್ಟಿದ ಕೆಂಪೇಗೌಡರ ಸಮಾಧಿ ಅಲ್ಲಿ ಬೆಳಕಿಗೆ ಬಂದ ವರ್ಷ ಅದು. ಗೌಡರು ಕಟ್ಟಿದ ಊರಿನಲ್ಲಿ ಈಗ ವರ್ಷಕ್ಕೆ ಹಲವು ಭಾನುವಾರ ರಸ್ತೆಗಳನ್ನು ಮುಚ್ಚಿ ಸಾವಿರಾರು ಜನ ಓಡುತ್ತಾರೆ. 2008ರಲ್ಲಿ ಶುರುವಾದ ಹತ್ತು ಕಿಲೋಮೀಟರಿನ ಓಟವಿದೆ, 2014ರಿಂದ ಬೆಂಗಳೂರು ಮ್ಯಾರಥಾನ್ ಇದೆ. ಗೌಡರು ಮಲಗಿರುವ ಕೆಂಪಾಪುರದ ಆಸುಪಾಸಿನಲ್ಲಿ, ಮಾಗಡಿ, ರಾಮನಗರ, ಕನಕಪುರದ ಹಳ್ಳಿಗಳ ರಸ್ತೆಗಳಲ್ಲಿ, ಬೆಳಗಿನ ಹೊತ್ತು ಓಡುವವರೇ ಬೇರೆ. ಅವರು ಪೊಲೀಸ್ ಕಾನ್‌ಸ್ಟೆಬಲ್ ಪರೀಕ್ಷೆಗೋ ಅಗ್ನಿವೀರ್ ರ‍್ಯಾಲಿಗೋ ತಯಾರಾಗುತ್ತಿರುವ ಹುಡುಗರು. ಅವರ ಗುರಿ 1,600 ಮೀಟರ್, ಅದೂ ಕೆಲವೇ ನಿಮಿಷಗಳೊಳಗೆ. ಹುಮ್ಮಸ್ಸಿನ ಮಾತು ಅವರ ಬಾಯಲ್ಲಿ ಬರುವುದಿಲ್ಲ. ‘ಗ್ರೌಂಡ್‌ಗೆ ಹೋಗ್ತೀನಿ’ ಎನ್ನುತ್ತಾರೆ, ಹೋಗುತ್ತಾರೆ. ನೌಕರಿ ಸಿಕ್ಕ ದಿನ ಅಥವಾ ವಯಸ್ಸಿನ ಮಿತಿ ದಾಟಿದ ದಿನ ಓಟ ನಿಂತುಹೋಗುತ್ತದೆ.

ಈಚೆಗೆ ಅವರ ಜೊತೆ ಇನ್ನೊಂದು ಬಗೆಯವರೂ ಸೇರಿಕೊಳ್ಳುತ್ತಿದ್ದಾರೆ. ಬಿಡದಿಯ ಕಾರ್ಖಾನೆಗೋ ಬೆಂಗಳೂರಿನ ಆಫೀಸಿಗೋ ಹೋಗಿ ಬರುವವರು, ಶಾಲೆಯ ಮೇಷ್ಟ್ರು, ಸಕ್ಕರೆ ಕಾಯಿಲೆಯ ಗಡಿಯಲ್ಲಿದ್ದೀರಿ ಎಂದು ಡಾಕ್ಟರು ಹೆದರಿಸಿ ಕಳಿಸಿದವರು. ಇವರಿಗೆ ಯಾವ ನೌಕರಿಯೂ ಕಾದಿಲ್ಲ. ಓಡದಿದ್ದರೆ ಕೇಳುವವರೂ ಇಲ್ಲ. ಹಾಗಾಗಿ ಹುಮ್ಮಸ್ಸಿನ ಪ್ರಶ್ನೆ ನಿಜವಾಗಿ ಇವರದು.

ಹಾಫ್ ಮ್ಯಾರಥಾನಿನ 21.0975 ಕಿಲೋಮೀಟರ್ ಎಂದರೆ ರಾಮನಗರದಿಂದ ಚನ್ನಪಟ್ಟಣಕ್ಕೆ ಹೋಗಿ ಬಂದಷ್ಟು, ಹೆಚ್ಚು ಕಡಿಮೆ. ಸಾಧಾರಣ ಆರೋಗ್ಯದ ಮನುಷ್ಯ ಹನ್ನೆರಡರಿಂದ ಹದಿನಾರು ವಾರ, ವಾರಕ್ಕೆ ಮೂರು ನಾಲ್ಕು ಸಲ ಓಡಿದರೆ ಇಷ್ಟು ದೂರ ದಾಟಬಲ್ಲ. ಮೊದಲ ಮೂರು ವಾರ ಯಾರಿಗೂ ಹುಮ್ಮಸ್ಸಿನ ಕೊರತೆ ಇರುವುದಿಲ್ಲ. ಹೊಸ ಶೂ, ಹೊಸ ಆ್ಯಪ್, ಮನೆಯವರ ಮೆಚ್ಚುಗೆಯೋ ಕುಚೋದ್ಯವೋ, ಎಲ್ಲವೂ ಒಂದು ತಳ್ಳು ಕೊಡುತ್ತವೆ. ಕೊನೆಯ ಎರಡು ವಾರ ಓಟದ ದಿನವೇ ಎಳೆದುಕೊಂಡು ಹೋಗುತ್ತದೆ. ಕಷ್ಟವಿರುವುದು ನಡುವೆ, ಆರರಿಂದ ಹತ್ತನೆಯ ವಾರದವರೆಗೆ. ಹೊಸತನ ಹಳತಾಗಿರುತ್ತದೆ, ಓಟದ ದಿನ ಇನ್ನೂ ದೂರವಿರುತ್ತದೆ. ಭಾನುವಾರದ ಉದ್ದ ಓಟ ಹನ್ನೆರಡು, ಹದಿನಾಲ್ಕು ಕಿಲೋಮೀಟರಿಗೆ ಬೆಳೆದು ಇಡೀ ಬೆಳಗನ್ನೇ ನುಂಗುತ್ತದೆ. ಊರಲ್ಲಿ ಮದುವೆ, ಹಬ್ಬ, ತಿಥಿ ಯಾವುದೂ ನಿಮ್ಮ ವೇಳಾಪಟ್ಟಿ ನೋಡಿಕೊಂಡು ಬರುವುದಿಲ್ಲ.

ಸ್ಫೂರ್ತಿಯ ಮಾತುಗಳನ್ನು ಮಾರುವವರು ಕಾಯುತ್ತಿರುವುದು ಈ ನಡುವಿನ ವಾರಗಳನ್ನೇ. ಅದರಿಂದ ಎಷ್ಟು ಪ್ರಯೋಜನ? 2002ರಲ್ಲಿ ಬ್ರಿಟನ್ನಿನಲ್ಲಿ ಮಿಲ್ನ್, ಆರ್ಬೆಲ್, ಶೀರನ್ ಎಂಬ ಮನೋವಿಜ್ಞಾನಿಗಳು 248 ವಿದ್ಯಾರ್ಥಿಗಳ ಮೇಲೆ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ವಾರಕ್ಕೆ ಒಮ್ಮೆಯಾದರೂ ಇಪ್ಪತ್ತು ನಿಮಿಷ ಬೆವರು ಬರುವ ವ್ಯಾಯಾಮ ಮಾಡಬೇಕು, ಅಷ್ಟೇ. ಒಂದು ಗುಂಪಿಗೆ ಏನೂ ಹೇಳಲಿಲ್ಲ. ಅವರಲ್ಲಿ ನೂರಕ್ಕೆ 38 ಮಂದಿ ಮಾಡಿದರು. ಇನ್ನೊಂದು ಗುಂಪಿಗೆ ವ್ಯಾಯಾಮದಿಂದ ಹೃದಯಕ್ಕೆ ಆಗುವ ಲಾಭವನ್ನು ಮನಮುಟ್ಟುವಂತೆ ಓದಿಸಿದರು, ಮಾಡಿದವರು 35. ಮೂರನೆಯ ಗುಂಪಿನವರು ಅದನ್ನು ಓದಿದ್ದಲ್ಲದೆ ಯಾವ ದಿನ, ಎಷ್ಟು ಗಂಟೆಗೆ, ಎಲ್ಲಿ ಎಂದು ಒಂದು ಚೀಟಿಯಲ್ಲಿ ಬರೆದುಕೊಟ್ಟರು, ಮಾಡಿದವರು 91. ಎರಡನೆಯ ಗುಂಪಿನವರಿಗೂ ಮನಸ್ಸಿತ್ತು. ಓದಿದ ಮೇಲೆ ಮನಸ್ಸು ಇನ್ನಷ್ಟು ಗಟ್ಟಿಯಾಗಿತ್ತು ಕೂಡ. ಮನಸ್ಸಿದ್ದೂ ಅವರ ಕಾಲು ಏಳಲಿಲ್ಲ. ಒಂದು ವಾರದ ಇಪ್ಪತ್ತು ನಿಮಿಷಕ್ಕೂ ನಾಲ್ಕು ತಿಂಗಳ ತರಬೇತಿಗೂ ಅಜಗಜಾಂತರವಿದೆ, ಒಪ್ಪುತ್ತೇನೆ. ಆದರೂ ಇಷ್ಟು ಸಣ್ಣ ಕೆಲಸಕ್ಕೇ ಉತ್ಸಾಹ ಸಾಲದಿದ್ದರೆ ದೊಡ್ಡದಕ್ಕೆ ಸಾಲುತ್ತದೆ ಎಂದು ನಂಬುವುದು ಕಷ್ಟ.

ಉತ್ಸಾಹವನ್ನು ನೆಚ್ಚದೆ ನಡೆಯುವ ಕೆಲಸ ಹೇಗಿರುತ್ತದೆ ಎಂಬುದನ್ನು ತಿಳಿಯಲು ಬ್ರಿಟನ್ನಿಗೆ ಹೋಗಬೇಕಾಗಿಯೂ ಇಲ್ಲ. ರಾಮನಗರದ ಸೀಮೆಯಲ್ಲಿ ರೇಷ್ಮೆ ಹುಳು ಮೇಯಿಸುವ ಯಾವ ಮನೆಯನ್ನಾದರೂ ನೋಡಿ. ಚಾಕಿ ಹುಳು, ಅಂದರೆ ಮರಿ ಹುಳು, ತಂದ ದಿನದಿಂದ ಹಣ್ಣಾದ ಹುಳುವನ್ನು ಗೂಡು ಕಟ್ಟಲು ಚಂದ್ರಿಕೆಗೆ ಬಿಡುವ ತನಕ ಸೊಪ್ಪು ಕೊಯ್ಯುವ ಹೊತ್ತು, ಹಾಕುವ ಹೊತ್ತು, ಹಾಸಿಗೆ ತೆಗೆಯುವ ಹೊತ್ತು ಎಲ್ಲ ಗೊತ್ತುಮಾಡಿದ್ದು. ನಾಲ್ಕನೆಯ ಜ್ವರ, ಅಂದರೆ ಪೊರೆ ಬಿಡಲು ಮೇವು ನಿಲ್ಲಿಸಿ ಕೂರುವ ಹೊತ್ತು, ಮುಗಿಸಿ ಎದ್ದ ಮೇಲಂತೂ ಕೇಳುವುದೇ ಬೇಡ. ತನ್ನ ಇಡೀ ಜೀವಮಾನದ ಸೊಪ್ಪಿನಲ್ಲಿ ನೂರಕ್ಕೆ ಎಂಬತ್ತು ಪಾಲಿಗಿಂತ ಹೆಚ್ಚನ್ನು ಹುಳು ತಿನ್ನುವುದು ಆ ಕೊನೆಯ ವಾರದಲ್ಲಿ. ರಾತ್ರಿ ಹತ್ತಕ್ಕೆ ಸೊಪ್ಪು ಹಾಕುವ ಹೆಂಗಸಿಗೆ ಬೇಸರ ಇರುವುದಿಲ್ಲವೇ? ಇರುತ್ತದೆ, ಬಾಯಿಬಿಟ್ಟು ಹೇಳುತ್ತಾಳೆ ಕೂಡ. ಹೇಳುತ್ತಲೇ ಸೊಪ್ಪು ಹಾಕುತ್ತಾಳೆ. ಬೇಸರ ಇಲ್ಲಿ ಹವಾಮಾನದ ಸುದ್ದಿ ಮಾತ್ರ. ಕೆಲಸ ಮಾಡಬೇಕೋ ಬೇಡವೋ ಎಂದು ಅದನ್ನು ಯಾರೂ ಕೇಳುವುದಿಲ್ಲ.

ಇದಕ್ಕೆ ಬಲವಾದ ಒಂದು ಆಕ್ಷೇಪ ಇದೆ. ಸೊಪ್ಪು ಹಾಕದಿದ್ದರೆ ಹುಳು ಸಾಯುತ್ತದೆ, ಗೂಡು ಇಲ್ಲ, ರಾಮನಗರದ ಮಾರುಕಟ್ಟೆಗೆ ಒಯ್ಯಲು ಏನೂ ಇಲ್ಲ. ಓಡದಿದ್ದರೆ ಯಾರು ಸಾಯುತ್ತಾರೆ? ಬದುಕಿನ ಅನಿವಾರ್ಯವನ್ನು ಹವ್ಯಾಸಕ್ಕೆ ಪಾಠವಾಗಿ ಹೇಳುವುದು ಒಂದು ರೀತಿ ಶ್ರೀಮಂತರ ಚಾಳಿ. ಇನ್ನೂ ಒಂದು ಮಾತು: ಅನಿವಾರ್ಯವನ್ನು ತಂದು ಹೇರಿಕೊಂಡರೆ ಓಟದ ಸುಖವೇ ಹೋಗದೇ? 1971ರಲ್ಲಿ ಎಡ್ವರ್ಡ್ ಡೆಸಿ ಎಂಬ ಅಮೆರಿಕದ ಮನೋವಿಜ್ಞಾನಿ ಒಗಟಿನ ತುಂಡುಗಳನ್ನು ಜೋಡಿಸಲು ಕೆಲವು ವಿದ್ಯಾರ್ಥಿಗಳಿಗೆ ದುಡ್ಡು ಕೊಟ್ಟು, ಕೆಲವರಿಗೆ ಕೊಡದೆ ನೋಡಿದ. ದುಡ್ಡು ನಿಂತ ಮೇಲೆ, ದುಡ್ಡು ಪಡೆದವರು ಬಿಡುವಿನ ವೇಳೆಯಲ್ಲಿ ಒಗಟನ್ನು ಮುಟ್ಟುವುದು ಕಡಿಮೆಯಾಯಿತು. ಹೊರಗಿನ ಕಾರಣ ಒಳಗಿನ ಕಾರಣವನ್ನು ತಿಂದುಬಿಟ್ಟಿತ್ತು. ಗ್ರೌಂಡಿನ ಹುಡುಗರ ಓಟ ನೌಕರಿ ಸಿಕ್ಕ ದಿನ ನಿಲ್ಲುವುದಕ್ಕೂ, ಮೊದಲ ಪದಕ ಕೊರಳಿಗೆ ಬಿದ್ದ ಮಾರನೆಯ ದಿನದಿಂದ ಎಷ್ಟೋ ಜನರ ಶೂ ಮೂಲೆ ಸೇರುವುದಕ್ಕೂ ಇದೇ ಕಾರಣ ಇದ್ದೀತು.

ಹಾಗಾದರೆ ಯಾವ ಕಟ್ಟು ಬೇಕು? ಪದಕ, ಕಟ್ಟಿದ ಶುಲ್ಕ, ಆ್ಯಪಿನಲ್ಲಿ ಬೀಳುವ ಚಪ್ಪಾಳೆ ಇವು ಸಣ್ಣ ಆಸರೆಗಳು. ಬೇಡವೆನ್ನುವುದಿಲ್ಲ, ಆದರೆ ನಡುವಿನ ವಾರಗಳ ಭಾರವನ್ನು ಇವು ಹೊರಲಾರವು. ಹೊರಬಲ್ಲದ್ದು ಇನ್ನೊಬ್ಬ ಮನುಷ್ಯ. ಬಸ್ ಸ್ಟ್ಯಾಂಡಿನ ಹತ್ತಿರ ಆರು ಗಂಟೆಗೆ ಒಬ್ಬ ಕಾಯುತ್ತಿರುತ್ತಾನೆ ಎಂದು ಗೊತ್ತಿದ್ದರೆ, ಹಾಸಿಗೆಯಲ್ಲಿ ನಡೆಯುವ ವಾದವಿವಾದ ಅರ್ಧಕ್ಕೇ ನಿಲ್ಲುತ್ತದೆ. ಇದು ಹೇರಿಕೆಯಲ್ಲ, ಏಕೆಂದರೆ ಮಾತು ಕೊಟ್ಟವರು ನಾವೇ. ಡೆಸಿ ಮತ್ತು ರಿಚರ್ಡ್ ರಯಾನ್ ಮುಂದೆ ಕಟ್ಟಿದ ಸಿದ್ಧಾಂತದಲ್ಲೂ ತಾನೇ ಆರಿಸಿಕೊಂಡೆ ಎಂಬ ಭಾವ, ಕೈಲಾಗುತ್ತಿದೆ ಎಂಬ ಭಾವ, ಜೊತೆಯವರಿದ್ದಾರೆ ಎಂಬ ಭಾವ, ಈ ಮೂರೂ ಸೇರಿಯೇ ಮನುಷ್ಯನನ್ನು ಒಂದು ಕೆಲಸದಲ್ಲಿ ನಿಲ್ಲಿಸುತ್ತವೆ.

ಒಂಟಿ ಛಲದ ಕಥೆಗಳನ್ನು ಕೇಳಿ ಕೇಳಿ ನಮಗೆ ಈ ಮೂರನೆಯದು ಕಾಣಿಸದಂತಾಗಿದೆ. ಬೆಳಗಾವಿ ಸೀಮೆಯ ಪಿ. ಡಿ. ಚೌಗುಲೆ 1920ರ ಆಂಟ್‌ವರ್ಪ್ ಒಲಿಂಪಿಕ್ಸಿನಲ್ಲಿ ಮ್ಯಾರಥಾನ್ ಓಡಿ 19ನೆಯವರಾಗಿ ಮುಗಿಸಿದರು. ಆ ಸಲದ ದಾರಿ 42.75 ಕಿಲೋಮೀಟರ್, ಈಗಿನ ಮ್ಯಾರಥಾನಿಗಿಂತ ಅರ್ಧ ಕಿಲೋಮೀಟರಿಗೂ ಮಿಕ್ಕಿ ಉದ್ದ. ಅವರು ತೆಗೆದುಕೊಂಡದ್ದು ಮೂರು ಗಂಟೆಗಿಂತ ಕಡಿಮೆ. ಕೇಳಿದವರಿಗೆ ಇದು ಒಬ್ಬ ಓಟಗಾರನ ಎದೆಗಾರಿಕೆಯ ಕಥೆ. ಅದು ಹೌದು ಕೂಡ. ಆದರೆ ಪುಣೆಯ ಡೆಕ್ಕನ್ ಜಿಮ್ಖಾನಾ ಕ್ರೀಡಾಕೂಟಗಳನ್ನು ನಡೆಸದೆ, ಉದ್ಯಮಿ ದೊರಾಬ್ಜಿ ಟಾಟಾ ಹಣ ಹೊಂದಿಸದೆ ಆ ಎದೆಗಾರಿಕೆ ಹಡಗು ಹತ್ತುತ್ತಿರಲಿಲ್ಲ. ಒಬ್ಬ ಮನುಷ್ಯ ಓಡಬೇಕಾದರೂ ಒಂದು ವ್ಯವಸ್ಥೆ ಬೇಕು.

ಆ ವ್ಯವಸ್ಥೆ ಊರಿನದೇ ಆಗಿರಬೇಕು ಎಂಬುದು ನನ್ನ ಹಟ. ನಗರದ ತರಬೇತಿ ಪುಸ್ತಕಗಳು ನಾಲ್ಕೂವರೆಗೆ ಏಳಿ, ಐದಕ್ಕೆ ರಸ್ತೆಯಲ್ಲಿರಿ ಎನ್ನುತ್ತವೆ. ಕಬ್ಬನ್ ಪಾರ್ಕಿನ ಸುತ್ತ ಅದು ಸರಿ. ಮಾಗಡಿ ತಾಲ್ಲೂಕಿನ ರಸ್ತೆಯಲ್ಲಿ ಕತ್ತಲಲ್ಲಿ ಒಬ್ಬರೇ ಓಡಿ ಎಂದು ಹೇಳುವವರಿಗೆ ಇಲ್ಲಿನ ಚಿರತೆಗಳ ಪರಿಚಯವಿಲ್ಲ. 2020ರ ಮೇ ತಿಂಗಳಲ್ಲಿ ಇದೇ ತಾಲ್ಲೂಕಿನಲ್ಲಿ ಚಿರತೆ ಮನುಷ್ಯರನ್ನು ಕೊಂದಿದೆ. ಚನ್ನಪಟ್ಟಣ, ಕನಕಪುರದ ಕಾಡಂಚಿನಲ್ಲಿ ಆನೆಗಳು. ಎಲ್ಲ ಕಡೆಯೂ ನಾಯಿಗಳು. ಹೊತ್ತು ಮೂಡುವುದು ಜೂನಿನಲ್ಲಿ ಆರರ ಸುಮಾರಿಗೆ, ಜನವರಿಯಲ್ಲಿ ಮುಕ್ಕಾಲು ಗಂಟೆ ತಡವಾಗಿ. ಹಾಗಾಗಿ ಇಲ್ಲಿ ಬರೆಯಬೇಕಾದ ಚೀಟಿಯೇ ಬೇರೆ: ಬೆಳಕು ಹರಿದ ಮೇಲೆ, ಇಬ್ಬರು ಮೂವರು ಸೇರಿ, ಮನೆಗಳಿರುವ ರಸ್ತೆಯಲ್ಲಿ. ಉದ್ದ ಓಟವನ್ನು ಊರು ಬಿಟ್ಟು ದೂರ ಹೋಗದೆ ಮೂರು ಕಿಲೋಮೀಟರಿನ ಸುತ್ತುಗಳಾಗಿ ಒಡೆಯಬಹುದು. ಬೇಸರವಾದೀತು ನಿಜ, ಆದರೆ ಪ್ರತಿ ಸುತ್ತಿಗೂ ನೀರು ಸಿಗುತ್ತದೆ. ಬೇಸರವನ್ನು ತಾಳುವುದೂ ಓಟದ ಅಭ್ಯಾಸವೇ.

ಹೆಂಗಸರ ವಿಷಯದಲ್ಲಿ ಹುಮ್ಮಸ್ಸಿನ ಮಾತು ಇನ್ನೂ ಹುಸಿಯಾಗಿ ಕೇಳಿಸುತ್ತದೆ. ಮೂವತ್ತೈದರ ಹೆಣ್ಣುಮಗಳೊಬ್ಬಳು ಟ್ರ್ಯಾಕ್ ಪ್ಯಾಂಟ್ ತೊಟ್ಟು ಹಳ್ಳಿಯ ರಸ್ತೆಯಲ್ಲಿ ಓಡಿದರೆ ಅರಳಿಕಟ್ಟೆಯ ಕಣ್ಣುಗಳೆಲ್ಲ ಅವಳ ಹಿಂದೆ ಓಡುತ್ತವೆ. ಅವಳು ಓಡುವ ಹೊತ್ತಿಗೆ ಮನೆಯಲ್ಲಿ ತಿಂಡಿ ಆಗಬೇಕು, ಡೇರಿಗೆ ಹಾಲು ಹೋಗಬೇಕು. ಅವಳು ಮೂರನೆಯ ವಾರಕ್ಕೆ ಬಿಟ್ಟರೆ ‘ಛಲ ಸಾಲದು’ ಎಂದುಬಿಡುವುದು ಸುಲಭ. ವಾರಕ್ಕೆ ಮೂರು ಬೆಳಗು ಹಾಲು ಕರೆಯುವ ಕೆಲಸವನ್ನು ಗಂಡ ಹಿಡಿದರೆ ಅವಳ ಹುಮ್ಮಸ್ಸು ಎಷ್ಟಿತ್ತು ಎಂಬುದು ಆಗ ತಿಳಿದೀತು.

ಹುಮ್ಮಸ್ಸು ಹೆಚ್ಚಾದರೆ ಆಗುವ ಅಪಾಯವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಓಡತೊಡಗಿದ ಕೆಲವೇ ವಾರಗಳಲ್ಲಿ ಹೃದಯ, ಉಸಿರು ಹೊಂದಿಕೊಳ್ಳುತ್ತವೆ. ಮೂಳೆ, ಸ್ನಾಯುರಜ್ಜುಗಳಿಗೆ ತಿಂಗಳುಗಳೇ ಬೇಕು. ಉಸಿರು ‘ಹೋಗೋಣ’ ಎನ್ನುವಾಗ ಮೊಣಕಾಲಿನ ಕೆಳಗಿನ ಮೂಳೆ ಇನ್ನೂ ತಯಾರಾಗಿರುವುದಿಲ್ಲ. ಮೊದಲ ತಿಂಗಳಲ್ಲೇ ನೋವು ತಂದುಕೊಂಡು ಕೂತವರಲ್ಲಿ ಸೋಮಾರಿಗಳು ಕಡಿಮೆ, ಉತ್ಸಾಹಿಗಳೇ ಹೆಚ್ಚು. ಮಾತಾಡುತ್ತ ಓಡಲು ಆಗುವಷ್ಟೇ ವೇಗದಲ್ಲಿ ಓಡಬೇಕು ಎಂಬ ಹಳೆಯ ಬುದ್ಧಿವಾದ ಇಲ್ಲಿ ಉಪಯೋಗಕ್ಕೆ ಬರುತ್ತದೆ. ಜೊತೆಗಾರನಿದ್ದರೆ ಪರೀಕ್ಷೆಯೂ ತಾನಾಗಿ ಆಗುತ್ತದೆ. ಹುಳು ಜ್ವರಕ್ಕೆ ಕೂತಾಗ ಸೊಪ್ಪು ಹಾಕಿದರೆ ಕೆಡುಕೇ ಹೊರತು ಬೆಳವಣಿಗೆಯಿಲ್ಲ ಎಂಬುದು ಮೇಯಿಸುವವರಿಗೆಲ್ಲ ಗೊತ್ತು. ಓಟಗಾರನಿಗೆ ಮಾತ್ರ ವಿಶ್ರಾಂತಿಯ ದಿನ ಕಳ್ಳತನದಂತೆ ಕಾಣುತ್ತದೆ.

ಒಂದು ದಿನ ತಪ್ಪಿದರೆ ಎಲ್ಲ ಹೋಯಿತು ಎಂದು ಕೈಚೆಲ್ಲುವುದೂ ಇದೇ ಅತಿಯ ಇನ್ನೊಂದು ಮುಖ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು ಗಮನಿಸಿದ ಅಧ್ಯಯನ 2010ರಲ್ಲಿ ಅಚ್ಚಾಯಿತು. ಹೊಸ ರೂಢಿಯೊಂದು ಮೈಗೂಡಲು ಅವರಲ್ಲಿ ನಡುಮಟ್ಟದವರಿಗೆ ಬೇಕಾದದ್ದು 66 ದಿನ. ಅತಿ ಬೇಗ ಎಂದರೆ 18, ಅತಿ ತಡವಾಗಿ ಎಂದರೆ 254. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟವೇನೂ ಆಗಲಿಲ್ಲ. ವಾರಕ್ಕೆ ಮೂರೇ ದಿನ ಮಾಡುವ ಓಟಕ್ಕೆ ಇನ್ನೂ ಹೆಚ್ಚು ಕಾಲ ಹಿಡಿದೀತು. ಅಂದರೆ ಹದಿನಾರು ವಾರದ ತರಬೇತಿ ಮುಗಿದು ಶ್ರೀರಂಗಪಟ್ಟಣದ ನಾಲೆ ಏರಿಯ ಮೇಲೋ ಬೆಂಗಳೂರಿನ ಡಾಂಬರಿನ ಮೇಲೋ ಓಡುವ ದಿನ ಬಂದಾಗಲೂ ಕೆಲವರಿಗೆ ಓಟ ಇನ್ನೂ ರೂಢಿಯಾಗಿರುವುದೇ ಇಲ್ಲ. ಅದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ. ಓಟದ ದಿನದ ಆಚೆಗೂ ಒಂದೆರಡು ತಿಂಗಳ ಬೆಳಗುಗಳನ್ನು ಚೀಟಿಯಲ್ಲಿ ಮೊದಲೇ ಬರೆದಿಟ್ಟುಕೊಳ್ಳಲು ಇದೊಂದು ಕಾರಣ.

ಬಿಟ್ಟುಬಿಡುವ ಹಕ್ಕು? ಅದೂ ಇರಬೇಕು. ಆರಿಸಿಕೊಂಡದ್ದನ್ನು ಬಿಡಲಾಗದಿದ್ದರೆ ಅದು ಆಯ್ಕೆಯೇ ಅಲ್ಲ. ಕೆಲವರಿಗೆ ಓಟ ಒಗ್ಗುವುದಿಲ್ಲ, ಸೈಕಲ್ಲೋ ಕಬಡ್ಡಿಯೋ ಒಗ್ಗುತ್ತದೆ. ಆದರೆ ಬಿಡುವ ತೀರ್ಮಾನವನ್ನು ಓಡುವ ಮೊದಲು ಹಾಸಿಗೆಯಲ್ಲಿ ಮಾಡಬಾರದು; ಓಡಿ ಬಂದು ಬೆವರು ಆರಿದ ಮೇಲೆ, ಜೊತೆಯವನಿಗೆ ಮುಖ ಕೊಟ್ಟು ಹೇಳಬೇಕು. ಆಗಲೂ ಬೇಡವೆನಿಸಿದರೆ ಬೇಡ. ಶುಲ್ಕ ವಾಪಸ್ಸು ಬರುವುದಿಲ್ಲ, ಅಷ್ಟೇ.