ಗಂಜಿಯೂ ಇಳಿಯದಿದ್ದಾಗ

ಭಟ್ಕಳ, ಹೊನ್ನಾವರ, ಕುಮಟಾ ಕಡೆ ಎದೆ ಉರಿ ಅಂದ್ರೆ ಮದ್ದು ಮನೇಲೇ ರೆಡಿ: ಒಂದು ಲೋಟ ಮುರುಗಲು ಪಾನಕ, ಇಲ್ಲವೇ ಒಂದು ಗ್ಯಾಸ್ ಮಾತ್ರೆ. ಮಸಾಲೆಯ ಉರಿಗೆ ಅದು ಸಾಕು. ಆದರೆ ಗಂಜಿ ನುಂಗಿದರೂ ಎದೆಯಲ್ಲಿ ಸಿಕ್ಕಿಕೊಂಡ ಹಾಗೆ ನೋವು, ಬಾಯಲ್ಲಿ ಮೊಸರಿನಂಥ ಬಿಳಿ ಪದರ, ತೂಕವೂ ಇಳೀತಿದೆ ಅಂದ್ರೆ ಅದು ಬರೀ ಗ್ಯಾಸ್ ಅಲ್ಲದಿರಬಹುದು.

ಎಚ್‌ಐವಿ ಇದ್ದು ಸಿಡಿ4 ಕಣಗಳು 200ಕ್ಕಿಂತ ಕೆಳಗಿಳಿದರೆ, ಬಾಯಲ್ಲಿ ಸುಮ್ಮನಿದ್ದ ಕ್ಯಾಂಡಿಡಾ ಶಿಲೀಂಧ್ರ ಅನ್ನನಾಳದಲ್ಲೂ ಬೆಳೆಯಬಹುದು. ಕೆಲವರಿಗೆ ಏಡ್ಸ್‌ನ ಮೊದಲ ಸೂಚನೆಯೇ ಇದು. ವೈದ್ಯರು ಸಾಮಾನ್ಯವಾಗಿ ಫ್ಲುಕೊನಜೋಲ್ ಮಾತ್ರೆ 14ರಿಂದ 21 ದಿನ ಕೊಡ್ತಾರೆ. ಹೆಚ್ಚಿನವರಿಗೆ ವಾರದೊಳಗೆ ಊಟ ಇಳಿಯುತ್ತೆ. ಇಳಿಯದಿದ್ದರೆ ಎಂಡೋಸ್ಕೋಪಿ ಬೇಕು. ಹರ್ಪಿಸ್ ಅಥವಾ ಸಿಎಂವಿ ವೈರಸ್ಸಿನ ಹುಣ್ಣೂ ಇರಬಹುದು.

ನಾನು ಸಾಫ್ಟ್‌ವೇರ್ ಕೆಲಸದವನು. ಎರರ್ ಮೆಸೇಜ್ ಮುಚ್ಚಿದರೆ ಬಗ್ ಹೋಗಲ್ಲ ಅನ್ನೋದು ನಮ್ಮ ಮೊದಲ ಪಾಠ. ಇಲ್ಲೂ ಹಾಗೇ. ಮೂಲಕ್ಕೆ ಎಆರ್‌ಟಿ ಮಾತ್ರೆ ಬೇಕು, ನಿಲ್ಲಿಸದೆ ಬೇಕು. 2004ರಿಂದ ಸರ್ಕಾರ ಅದನ್ನು ಉಚಿತವಾಗಿ ಕೊಡ್ತಿದೆ.

ನಮ್ಮ ಊರುಗಳಲ್ಲಿ ಅಡ್ಡ ಬರೋದು ದುಡ್ಡಿಗಿಂತ ನಾಚಿಕೆ. ಆಸ್ಪತ್ರೆಯ ಸಾಲಲ್ಲಿ ಪರಿಚಯದವರು ನೋಡಿದರೆ ಅನ್ನೋ ಹೆದರಿಕೆ. ತಾಲ್ಲೂಕು ಆಸ್ಪತ್ರೆಯಲ್ಲಿ ಪರೀಕ್ಷೆ ಉಚಿತ; ಒಪ್ಪಿಗೆಯಿಲ್ಲದೆ ಪರೀಕ್ಷಿಸಬಾರದು, ಗುಟ್ಟು ಕಾಯಬೇಕು ಅನ್ನುತ್ತೆ 2017ರ ಕಾಯ್ದೆ. ಸಂಕೋಚ ಇದ್ದರೆ ಮೊದಲು 1097ಕ್ಕೆ ಫೋನ್ ಮಾಡಿ, ಅದೂ ಉಚಿತ.

ಮನೆಯವರಿಗೆ ಒಂದೇ ಮಾತು: ಒಟ್ಟಿಗೆ ಉಂಡರೆ ಎಚ್‌ಐವಿ ಅಂಟಲ್ಲ. ಬಿಸಿ, ಖಾರ ಕಮ್ಮಿ ಮಾಡಿ ಗಂಜಿ ಬಡಿಸಿ, ಪಕ್ಕದಲ್ಲೇ ಕೂತುಕೊಳ್ಳಿ.