ಗೆದ್ದ ಹಾಡಿನ ಮುಂದಿನ ಹಾಡು

ಮೊದಲ ಆಲ್ಬಮ್ ಗೆದ್ದ ಮೇಲೆ ಎರಡನೆಯದನ್ನು ಮಾಡುವಷ್ಟು ಕಷ್ಟದ ಕೆಲಸ ಇನ್ನೊಂದಿಲ್ಲ ಎಂದು ಪಾಪ್ ಸಂಗೀತದವರೇ ಹೇಳುತ್ತಾರೆ. ಮೊದಲನೆಯದಕ್ಕೆ ಅಲ್ಲಿಯವರೆಗೆ ಬದುಕಿದ್ದೆಲ್ಲವೂ ಸಾಮಗ್ರಿ. ಎರಡನೆಯದಕ್ಕೆ ಸಿಗುವುದು ಹೆಚ್ಚೆಂದರೆ ಎರಡು-ಮೂರು ವರ್ಷ, ಅವೂ ವಿಮಾನ, ಹೋಟೆಲು, ವೇದಿಕೆ, ಸಂದರ್ಶನಗಳಲ್ಲಿ ಸವೆದುಹೋಗಿರುತ್ತವೆ. ಗೆದ್ದದ್ದನ್ನೇ ಇನ್ನೊಮ್ಮೆ ಮಾಡಿದರೆ ಸರಕು ಮುಗಿಯಿತು ಎನ್ನುತ್ತಾರೆ, ಬೇರೇನಾದರೂ ಮಾಡಿದರೆ ದಾರಿ ತಪ್ಪಿತು ಎನ್ನುತ್ತಾರೆ. ಇದರ ನಡುವೆ ವಿಮರ್ಶಕರು ಕೇಳುವ ಪ್ರಶ್ನೆ ಒಂದೇ: ಕಲಾವಿದೆ ಬೆಳೆದಿದ್ದಾಳೆಯೇ?

ಕೇಳಬೇಕಾದ ಪ್ರಶ್ನೆಯೇ. ಆದರೆ ಯಾವುದನ್ನು ನೋಡಿ ಬೆಳೆದಳು ಎನ್ನಬೇಕು? ವಾದ್ಯಗಳು ಹೆಚ್ಚಿದ್ದನ್ನೇ, ವಿಷಯ ಗಂಭೀರವಾದದ್ದನ್ನೇ, ಮಾರಾಟ ಏರಿದ್ದನ್ನೇ? ಇವು ಯಾವುವೂ ಸಾಲವು ಎಂದು ನನಗನ್ನಿಸುತ್ತದೆ. ತನ್ನ ಹಾಡನ್ನು ತಾನೇ ಬರೆದು ಹಾಡುವ ಕಲಾವಿದೆ ಮೊದಲು ಲೋಕವನ್ನು ಅಳೆಯಲು ಬಳಸಿದ ಕೋಲಿನಿಂದಲೇ ತನ್ನನ್ನೂ ಅಳೆದುಕೊಳ್ಳಲು ಒಪ್ಪಿದಳೇ, ಹಾಗೆ ಅಳೆದುಕೊಂಡದ್ದು ಸಂಗೀತದಲ್ಲೂ ಕೇಳಿಸುತ್ತದೆಯೇ ಎಂಬುದನ್ನು ನೋಡಬೇಕು. ಇದನ್ನು ವಿವರಿಸಲು ನ್ಯೂಜಿಲೆಂಡಿನ ಲಾರ್ಡ್ ಅವರ ಮೊದಲ ಎರಡು ಆಲ್ಬಮ್‌ಗಳಿಗಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ: 2013ರ 'ಪ್ಯೂರ್ ಹೆರೊಯಿನ್' ಮತ್ತು 2017ರ 'ಮೆಲೊಡ್ರಾಮಾ'.

ಲಾರ್ಡ್ ಎಂಬುದು ವೇದಿಕೆಯ ಹೆಸರು. ನಿಜ ಹೆಸರು ಎಲಾ ಯೆಲಿಚ್-ಓ'ಕಾನರ್. ಹುಟ್ಟಿದ್ದು 1996ರಲ್ಲಿ, ಬೆಳೆದದ್ದು ಆಕ್ಲೆಂಡ್ ನಗರದ ಕಡಲಂಚಿನ ಡೆವನ್‌ಪೋರ್ಟ್ ಬಡಾವಣೆಯಲ್ಲಿ. ತಾಯಿ ಸೋನ್ಯಾ ಯೆಲಿಚ್ ಕವಿ. ಶಾಲೆಯ ಪ್ರತಿಭಾ ಸ್ಪರ್ಧೆಯಲ್ಲಿ ಹಾಡಿದ ವಿಡಿಯೊ ರೆಕಾರ್ಡ್ ಕಂಪನಿಯ ಕಣ್ಣಿಗೆ ಬಿದ್ದದ್ದರಿಂದ ಎಳೆಯ ವಯಸ್ಸಿನಲ್ಲೇ ಒಪ್ಪಂದವಾಯಿತು. 'ರಾಯಲ್ಸ್' ಹಾಡಿಗೆ ಕಿಡಿ ಹೊತ್ತಿದ್ದು ಹಳೆಯ ನ್ಯಾಷನಲ್ ಜಿಯಾಗ್ರಫಿಕ್ ಸಂಚಿಕೆಯ ಒಂದು ಫೋಟೊದಿಂದ. ಬೇಸ್‌ಬಾಲ್ ಆಟಗಾರ ಜಾರ್ಜ್ ಬ್ರೆಟ್ ಅಭಿಮಾನಿಗಳಿಗೆ ಹಸ್ತಾಕ್ಷರ ಹಾಕುತ್ತಿದ್ದಾರೆ, ಅಂಗಿಯ ಎದೆಯ ಮೇಲೆ ತಂಡದ ಹೆಸರು. ಆ ಒಂದು ಹೆಸರಿನಿಂದ ಹುಡುಗಿ ಅರ್ಧ ಗಂಟೆಯಲ್ಲಿ ಹಾಡಿನ ಸಾಹಿತ್ಯ ಬರೆದಳು. ಆಕ್ಲೆಂಡಿನ ಪ್ರೊಡ್ಯೂಸರ್ ಜೋಯಲ್ ಲಿಟಲ್ ಜೊತೆ ಸೇರಿ ಮಾಡಿದ ಆ ಹಾಡನ್ನು 2012ರ ಕೊನೆಯಲ್ಲಿ ಸೌಂಡ್‌ಕ್ಲೌಡ್‌ನಲ್ಲಿ ಉಚಿತವಾಗಿ ಹಾಕಿದರು. ಮರುವರ್ಷ ಅದು ಅಮೆರಿಕದ ಬಿಲ್‌ಬೋರ್ಡ್ ಹಾಟ್ 100 ಪಟ್ಟಿಯ ತುದಿಯಲ್ಲಿ ಒಂಬತ್ತು ವಾರ ಕೂತಿತ್ತು. ಹಾಡಿದವಳಿಗೆ ಆಗ ಹದಿನಾರು.

ಆ ಹಾಡಿನಲ್ಲಿರುವುದು ಎಷ್ಟು ಕಡಿಮೆ ಎಂದು ಗಮನಿಸಬೇಕು. ಬೆರಳಿನ ಚಿಟಿಕೆ, ದಪ್ಪನೆಯ ಬೇಸ್, ತೆಳುವಾದ ಡ್ರಮ್, ಒಂದರ ಮೇಲೊಂದು ಪೇರಿಸಿದ ಅವಳದೇ ದನಿಗಳು. ಅಷ್ಟೇ. ಆಗಿನ ಪಾಪ್ ಹಾಡುಗಳು ಕಿವಿಗಡಚಿಕ್ಕುವ ಸಿಂಥಸೈಜರ್‌ಗಳಿಂದ ತುಂಬಿಹೋಗಿದ್ದಾಗ ಈ ಖಾಲಿತನವೇ ಹೊಸದಾಗಿ ಕೇಳಿಸಿತು. ಮಾತೂ ಹಾಗೆಯೇ ಬೇರೆ. ಟೀವಿಯಲ್ಲಿ ಕಾಣುವ ಚಿನ್ನ, ಕಾರು, ದುಬಾರಿ ಮದ್ಯದ ಲೋಕಕ್ಕೂ ತಮಗೂ ಸಂಬಂಧವಿಲ್ಲ ಎಂದು ದೂರದ ಬಡಾವಣೆಯೊಂದರ ಹುಡುಗರ ಗುಂಪಿನ ಪರವಾಗಿ ಒಬ್ಬಳು ಹೇಳುತ್ತಾಳೆ. 'ಪ್ಯೂರ್ ಹೆರೊಯಿನ್' ಆಲ್ಬಮ್‌ನ ಬಹುಪಾಲು ಹಾಡುಗಳಲ್ಲಿ ಅವಳು ನಿಂತಿರುವುದು ಇಲ್ಲೇ: ಗೆಳೆಯರ ನಡುವೆ, ಲೋಕದತ್ತ ಕಣ್ಣು ನೆಟ್ಟು, ತೀರ್ಪು ಕೊಡುತ್ತ. ಆ ಕಣ್ಣು ನಿಜಕ್ಕೂ ಹರಿತವಾದದ್ದು. ಆದರೆ ದೂರದಿಂದ ಕೊಡುವ ತೀರ್ಪಿಗೆ ಒಂದು ಅಪಾಯ ಇದ್ದೇ ಇರುತ್ತದೆ. ಹಾಡು ತಳ್ಳಿಹಾಕುವ ಐಷಾರಾಮದ ಪಟ್ಟಿಯಲ್ಲಿ ಬಹಳಷ್ಟು ಅಮೆರಿಕದ ಕರಿಯರ ಹಿಪ್-ಹಾಪ್‌ನಿಂದ ಬಂದದ್ದು, ಆ ಜನರ ಇತಿಹಾಸ ಅರಿಯದೆ ಅದನ್ನು ಹೀಗಳೆಯುವುದು ಸರಿಯಲ್ಲ ಎಂಬ ಟೀಕೆ ಅದೇ ವರ್ಷ ಬಂತು. ಹದಿನಾರರ ಹುಡುಗಿಯ ಮೇಲೆ ಹೊರಿಸಲು ಅದು ಭಾರವಾದ ಆರೋಪವೇ, ಆದರೂ ಅದರಲ್ಲಿ ಸತ್ಯವಿದೆ. ಹೊರಗಿನವಳಾಗಿ ನಿಂತು ನೋಡುವವಳಿಗೆ ತನ್ನ ನೆರಳು ಕಾಣುವುದಿಲ್ಲ.

ಒಂದು ಹಾಡಿನಲ್ಲಿ ಮಾತ್ರ ಅದು ಕಂಡಿದೆ. 'ರಿಬ್ಸ್' ಎಂಬ ಹಾಡು. ಅಪ್ಪ ಅಮ್ಮ ಊರಲ್ಲಿಲ್ಲದಾಗ ಮನೆಯಲ್ಲಿ ನಡೆದ ಪಾರ್ಟಿಯ ನೆನಪಿನಲ್ಲಿ ಹುಟ್ಟಿದ ಹಾಡು ಅದು, ವಿಷಯ ಮಾತ್ರ ವಯಸ್ಸಾಗುವ ಭಯ. ಇಷ್ಟು ಎಳೆಯ ಕಂಠದಲ್ಲಿ ಆ ಭಯ ಕೇಳಿದಾಗ ಮೈ ಜುಮ್ಮೆನ್ನುತ್ತದೆ. ಸದ್ದು ನಿಧಾನವಾಗಿ ಮೇಲೇಳುತ್ತದೆ, ತಾಳ ತಡವಾಗಿ ಬರುತ್ತದೆ, ದನಿ ಓಡತೊಡಗುತ್ತದೆ. ಇಲ್ಲಿ ತೀರ್ಪಿಲ್ಲ, ದಿಗಿಲಿದೆ. ಮುಂದಿನ ಆಲ್ಬಮ್ ಪೂರ್ತಿ ಈ ಹಾಡಿನ ಹೊಟ್ಟೆಯಿಂದ ಬಂದದ್ದು ಎಂದು ನಾನು ನಂಬುತ್ತೇನೆ. ಕಲಾವಿದರ ಬೆಳವಣಿಗೆ ಹೊರಗಿನಿಂದ ತಂದು ಅಂಟಿಸುವಂಥದ್ದಲ್ಲ. ಮೊದಲ ಕೃತಿಯ ಯಾವುದೋ ಮೂಲೆಯಲ್ಲಿ, ಬಹಳ ಸಲ ಅದರ ಗೆದ್ದ ಹಾಡಿನಿಂದ ದೂರದಲ್ಲಿ, ಅದು ಆಗಲೇ ಶುರುವಾಗಿರುತ್ತದೆ.

'ಮೆಲೊಡ್ರಾಮಾ' ಬಂದದ್ದು 2017ರ ಜೂನ್ 16ರಂದು, ಮೊದಲನೆಯದಾಗಿ ಸುಮಾರು ನಾಲ್ಕು ವರ್ಷದ ನಂತರ. ಆಗ ಲಾರ್ಡ್‌ಗೆ ಇಪ್ಪತ್ತು. ಒಂದು ದೀರ್ಘ ಸಂಬಂಧ ಮುರಿದಿತ್ತು. ಈ ಬಾರಿ ಜೊತೆಗಿದ್ದ ಪ್ರೊಡ್ಯೂಸರ್ ನ್ಯೂಯಾರ್ಕಿನ ಜಾಕ್ ಆಂಟನಾಫ್. ಹನ್ನೊಂದು ಹಾಡುಗಳು, ಅವನ್ನು ಹೆಣೆಯುವ ಸಡಿಲವಾದ ಚೌಕಟ್ಟು ಒಂದೇ ರಾತ್ರಿಯ ಮನೆ ಪಾರ್ಟಿ: ಉನ್ಮಾದ, ಕುಡಿತ, ಬಚ್ಚಲುಮನೆಯ ಏಕಾಂತ, ಎಲ್ಲರೂ ಹೋದ ಮೇಲೆ ತೊಳೆಯಬೇಕಾದ ಗ್ಲಾಸುಗಳು.

ಮೊದಲ ಹಾಡು 'ಗ್ರೀನ್ ಲೈಟ್' ಅನ್ನೇ ಹತ್ತಿರದಿಂದ ಕೇಳೋಣ. ಆರಂಭದಲ್ಲಿ ಪಿಯಾನೊದ ಭಾರವಾದ ಸ್ವರಗಳು, ಅವುಗಳ ಮೇಲೆ ಬಿಗಿಹಿಡಿದ ಕೋಪದ ದನಿ. ಕೆಲವೇ ಸಾಲುಗಳಾದ ಮೇಲೆ, ಯಾವ ಸಿದ್ಧತೆಯೂ ಇಲ್ಲದೆ, ಬೇರೊಂದು ಶ್ರುತಿಯಿಂದ ನುಗ್ಗಿಬಂದಂತೆ ಉಲ್ಲಾಸದ ಪಿಯಾನೊ ಹೊಡೆತ ಶುರುವಾಗುತ್ತದೆ, ಡ್ರಮ್ ತಡವಾಗಿ ಬಂದು ಸೇರಿಕೊಳ್ಳುತ್ತದೆ. ಪಾಪ್ ಹಾಡು ಕಟ್ಟುವುದರಲ್ಲಿ ಜಗತ್ತಿನ ದೊಡ್ಡ ಹೆಸರಾದ ಸ್ವೀಡನ್ನಿನ ಮ್ಯಾಕ್ಸ್ ಮಾರ್ಟಿನ್ ಇದನ್ನು ಕೇಳಿ ಕಟ್ಟುವ ಕ್ರಮವೇ ಸರಿಯಿಲ್ಲ ಎಂದರಂತೆ. ಲಾರ್ಡ್ ಅದನ್ನು ಸಂದರ್ಶನದಲ್ಲಿ ಹೇಳಿಕೊಂಡಿದ್ದಾರೆ, ಒಪ್ಪಿಕೊಂಡೂ ಇದ್ದಾರೆ. ಆದರೆ ಹಾಡನ್ನು ತಿದ್ದಲಿಲ್ಲ. ಯಾಕೆ ತಿದ್ದಬೇಕು? ಮರೆಯಬೇಕೆಂದು ಕುಣಿಯಲು ಹೊರಟವಳು, ಮರೆಯಲಾಗದೆ ಮಧ್ಯದಲ್ಲೇ ನಿಂತವಳು: ಈ ಎರಡು ಮನಸ್ಸು ಒಂದೇ ಶ್ರುತಿಯಲ್ಲಿ ಕೂಡಲಾರವು. 'ರಾಯಲ್ಸ್'ನಲ್ಲಿ ಎಲ್ಲವೂ ಅಳತೆಗೆ ಸರಿಯಾಗಿ ಕೂತಿತ್ತು, ಏಕೆಂದರೆ ಹಾಡುವವಳಿಗೆ ತಾನು ಎಲ್ಲಿ ನಿಂತಿದ್ದೇನೆ ಎಂಬ ಬಗ್ಗೆ ಅನುಮಾನವಿರಲಿಲ್ಲ. ಇಲ್ಲಿ ಅನುಮಾನವಿದೆ, ಅದು ಹಾಡಿನ ಮೂಳೆಯೊಳಗೇ ಇದೆ.

'ಲಯಬಿಲಿಟಿ'ಯಲ್ಲಿ ಪಿಯಾನೊ, ದನಿ ಬಿಟ್ಟರೆ ಹೆಚ್ಚೇನೂ ಇಲ್ಲ. ಜನರಿಗೆ ತಾನು ಹೊರೆ, ಮೊದಲು ಹತ್ತಿರ ಬಂದವರು ಆಮೇಲೆ ದೂರ ಸರಿಯುತ್ತಾರೆ ಎನ್ನುತ್ತಾಳೆ. ಮನೆಗೆ ಹೋಗಿ ತಾನು ಪ್ರೀತಿಸುವ ಹುಡುಗಿಯ ತೋಳಿಗೆ ಬೀಳುತ್ತೇನೆ ಎನ್ನುತ್ತಾಳೆ. ಆ ಹುಡುಗಿ ಬೇರಾರೂ ಅಲ್ಲ, ಅವಳೇ ಎಂದು ಕೇಳುವವರಿಗೆ ತುಸು ತಡವಾಗಿ ಹೊಳೆಯುತ್ತದೆ. ಇದರಷ್ಟು ದಿಟವಾದ ಒಂಟಿತನದ ಚಿತ್ರ ಈ ಶತಮಾನದ ಪಾಪ್ ಹಾಡುಗಳಲ್ಲಿ ನಾನು ಕೇಳಿದ್ದು ಕಡಿಮೆ.

ಆದರೂ ಆಲ್ಬಮ್‌ನ ಎದೆ 'ಸೂಪರ್‌ಕಟ್' ಎಂಬ ಹಾಡಿನಲ್ಲಿದೆ. ಮುಗಿದ ಪ್ರೇಮವನ್ನು ನೆನೆಯುವಾಗ ಮನಸ್ಸು ಒಳ್ಳೆಯ ದೃಶ್ಯಗಳನ್ನಷ್ಟೇ ಕತ್ತರಿಸಿ ಜೋಡಿಸುತ್ತದೆ, ತಾನು ನೋಡುತ್ತಿರುವುದು ಆ ಸಂಕಲನವನ್ನೇ ಹೊರತು ನಡೆದದ್ದನ್ನಲ್ಲ ಎಂದು ಹಾಡುವವಳಿಗೆ ಗೊತ್ತು. ಗೊತ್ತಿದ್ದೂ ನೋಡುತ್ತಾಳೆ. ಓಡುವ ಲಯ ಕೊನೆಗೆ ಕರಗಿ ದನಿ ದೂರದಿಂದ ಬಂದಂತೆ ಕೇಳಿಸುತ್ತದೆ. ವಿರಹದ ಹಾಡು ಯಾರು ಬೇಕಾದರೂ ಬರೆಯಬಹುದು, ಬರೆದೂ ಇದ್ದಾರೆ. ವಿರಹದಲ್ಲಿರುವಾಗಲೇ ತನ್ನ ನೆನಪಿನ ಸಾಕ್ಷ್ಯವನ್ನು ನಂಬಲು ನಿರಾಕರಿಸುವುದು ಬೇರೆ ಮಾತು.

ಇಲ್ಲಿ ಒಂದು ತಪ್ಪು ತಿಳಿವಳಿಕೆಗೆ ಎಡೆಯಾಗಬಾರದು. ಸ್ವಂತ ನೋವನ್ನು ತೋಡಿಕೊಂಡದ್ದಕ್ಕೆ ಲಾರ್ಡ್ ಬೆಳೆದರು ಎಂದು ನಾನು ಹೇಳುತ್ತಿಲ್ಲ. ಇಂದು ಪಾಪ್ ಮಾರುಕಟ್ಟೆಯಲ್ಲಿ ತಾರೆಯರ ಖಾಸಗಿ ಬದುಕೇ ದೊಡ್ಡ ಸರಕು. ಯಾವ ಹಾಡು ಯಾವ ಗೆಳೆಯನ ಬಗ್ಗೆ ಎಂದು ಊಹಿಸುವುದೇ ಕೇಳುವಿಕೆ ಎನ್ನುವಂತಾಗಿದೆ. ಹಾಗೆ ಬಿಚ್ಚಿಟ್ಟ ಹಾಡುಗಳಲ್ಲಿ ಹೆಚ್ಚಿನವು ಹಾಡುವವರ ಪರ ವಕಾಲತ್ತು. ನಾನು ಒಳ್ಳೆಯವಳು, ಅವನು ಕೆಟ್ಟವನು, ತೀರಿತು. 'ಮೆಲೊಡ್ರಾಮಾ'ದ ನಾಯಕಿ ಅತಿ ಮಾಡುತ್ತಾಳೆ, ಅದನ್ನು ತಾನೇ ಕಂಡು ಹೆಸರಿಡುತ್ತಾಳೆ, ಆ ಹೆಸರನ್ನೇ ಆಲ್ಬಮ್‌ಗೂ ಇಟ್ಟಿದ್ದಾಳೆ.

ಇದೆಲ್ಲ ಆಂಟನಾಫ್ ಕೈಚಳಕ, ಪ್ರೊಡ್ಯೂಸರ್ ಬದಲಾದರೆ ಸದ್ದು ಬದಲಾಗುತ್ತದೆ, ಅದಕ್ಕೆ ಬೆಳವಣಿಗೆ ಎನ್ನಬೇಕೇ ಎಂಬ ಆಕ್ಷೇಪ ಇದೆ. ಆಂಟನಾಫ್ ಅದೇ ಕಾಲದಲ್ಲಿ ಬೇರೆ ಗಾಯಕಿಯರಿಗೂ ಕೆಲಸ ಮಾಡಿದರು, ಅವರ ಮುದ್ರೆ ಅಲ್ಲೆಲ್ಲ ಗುರುತು ಸಿಗುತ್ತದೆ. 'ಗ್ರೀನ್ ಲೈಟ್' ರಚಿಸಿದವರ ಪಟ್ಟಿಯಲ್ಲಿ ಹಳೆಯ ಜೊತೆಗಾರ ಜೋಯಲ್ ಲಿಟಲ್ ಹೆಸರೂ ಇದೆ. ಪಾಪ್ ಸಂಗೀತ ಒಬ್ಬರ ಕಲೆಯಲ್ಲ, ಅದನ್ನು ಮುಚ್ಚಿಡಬೇಕಾಗಿಯೂ ಇಲ್ಲ. ಆದರೆ ಕೋಪದ ಮಧ್ಯೆ ಕುಣಿತ ನುಗ್ಗಬೇಕು, ಸುಖದ ನೆನಪಿನ ತುದಿಯಲ್ಲಿ ದನಿ ಮಸುಕಾಗಬೇಕು ಎಂದು ನಿರ್ಧರಿಸುವುದಕ್ಕೆ ಮೊದಲು ಹೇಳುವ ವಿಷಯ ಖಚಿತವಾಗಿರಬೇಕು. ಅದು ಲಾರ್ಡ್ ಅವರದೇ.

ಹೊಸ ವಿಷಯವಾಗಲಿ ಹೊಸ ಮಾತಾಗಲಿ ಇಲ್ಲದೆಯೂ ಬೆಳೆದದ್ದಕ್ಕೆ ಇನ್ನೊಂದು ಸಾಕ್ಷಿ ಅರ್ಧ ಶತಮಾನದ ಹಿಂದಿನದು. 1960ರಲ್ಲಿ ಹದಿನೆಂಟರ ಕ್ಯಾರೊಲ್ ಕಿಂಗ್, ಪತಿ ಜೆರಿ ಗಾಫಿನ್ ಬರೆದ ಸಾಹಿತ್ಯಕ್ಕೆ ಸ್ವರ ಹಾಕಿದ 'ವಿಲ್ ಯು ಲವ್ ಮಿ ಟುಮಾರೊ' ಹಾಡನ್ನು ಶಿರೆಲ್ಸ್ ತಂಡದ ಹುಡುಗಿಯರು ಹಾಡಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೇರಿಸಿದರು. ನಾಳೆಯೂ ಪ್ರೀತಿಸುತ್ತೀಯಾ ಎಂದು ಕೇಳುವ ಹಾಡು, ನಡಿಗೆ ಚುರುಕು, ಕೇಳುವವಳಿಗೆ ಇನ್ನೂ ಆಸೆಯಿದೆ. ಕಿಂಗ್ ಅವರ ಮೊದಲ ಏಕವ್ಯಕ್ತಿ ಆಲ್ಬಮ್ 'ರೈಟರ್' 1970ರಲ್ಲಿ ಬಂದು ಹೆಚ್ಚು ಸದ್ದು ಮಾಡದೆ ಹೋಯಿತು. ಮರುವರ್ಷದ 'ಟ್ಯಾಪೆಸ್ಟ್ರಿ' ಹದಿನೈದು ವಾರ ಪಟ್ಟಿಯ ತುದಿಯಲ್ಲಿತ್ತು. ಅದರಲ್ಲಿ ಅವರು ಅದೇ ಹಳೆಯ ಹಾಡನ್ನು ಮತ್ತೆ ಎತ್ತಿಕೊಂಡರು: ಪಿಯಾನೊ ಮುಂದೆ ಕೂತು, ನಡಿಗೆ ತಗ್ಗಿಸಿ, ಚೆಂದ ಮಾಡಲು ಹೋಗದ ದನಿಯಲ್ಲಿ. ಅಷ್ಟರಲ್ಲಿ ಗಾಫಿನ್ ಜೊತೆಗಿನ ಮದುವೆ ಮುರಿದಿತ್ತು, ಇಬ್ಬರು ಹೆಣ್ಣುಮಕ್ಕಳಿದ್ದರು. ಅದೇ ಪ್ರಶ್ನೆಯನ್ನು ಈಗ ಉತ್ತರ ಗೊತ್ತಿರುವವಳು ಕೇಳುತ್ತಿದ್ದಾಳೆ.

ನಮ್ಮ ಕನ್ನಡದಲ್ಲಿ ಈ ಬಗೆಯ ಕೇಳುವಿಕೆಗೆ ಅವಕಾಶ ಕಡಿಮೆ. ಸಿನಿಮಾ ಹಾಡಿನಲ್ಲಿ ಬರೆಯುವವರು, ಸಂಗೀತ ಹಾಕುವವರು, ಹಾಡುವವರು ಬಹುಮಟ್ಟಿಗೆ ಬೇರೆ ಬೇರೆ, ಸಂದರ್ಭ ಕಥೆಯ ಪಾತ್ರದ್ದು. ಭಾವಗೀತೆಯಲ್ಲೂ ಕವಿ ಒಬ್ಬರು, ಗಾಯಕರು ಇನ್ನೊಬ್ಬರು. ಆದ್ದರಿಂದ ಹಾಡುವವರ ಬದುಕು ಹಾಡಿನಿಂದ ಹಾಡಿಗೆ ಹೇಗೆ ಮಾಗಿತು ಎಂದು ಕೇಳುವ ರೂಢಿ ನಮಗಿಲ್ಲ. ಕವನ ಸಂಕಲನಗಳನ್ನು ಮಾತ್ರ ಹಾಗೆ ಓದುತ್ತೇವೆ. ಅಡಿಗರ ಓದುಗರು 'ಭಾವತರಂಗ'ದಿಂದ 'ಭೂಮಿಗೀತ'ದವರೆಗಿನ ದಾರಿಯನ್ನು ಎಷ್ಟು ಜತನದಿಂದ ಹಿಂಬಾಲಿಸಿದ್ದಾರೆ! ಪಾಪ್ ಆಲ್ಬಮ್‌ಗೂ ಅದೇ ಗಮನ ಸಲ್ಲಬೇಕು.

ಮಾರುಕಟ್ಟೆಯ ಲೆಕ್ಕ ಬೇರೆಯೇ ಹೇಳಿತು. 'ಮೆಲೊಡ್ರಾಮಾ' ಬಿಲ್‌ಬೋರ್ಡ್ ಆಲ್ಬಮ್ ಪಟ್ಟಿಯಲ್ಲಿ ಮೊದಲ ಸ್ಥಾನಕ್ಕೇನೋ ಬಂತು, ಆದರೆ ಅದರ ಯಾವ ಹಾಡೂ ಅಮೆರಿಕದಲ್ಲಿ ಮೊದಲ ಹತ್ತರೊಳಗೆ ಹೋಗಲಿಲ್ಲ. 'ಗ್ರೀನ್ ಲೈಟ್' ಹತ್ತೊಂಬತ್ತಕ್ಕೆ ನಿಂತಿತು. 2018ರ ಗ್ರ್ಯಾಮಿಯಲ್ಲಿ ವರ್ಷದ ಆಲ್ಬಮ್ ವಿಭಾಗಕ್ಕೆ ನಾಮನಿರ್ದೇಶನಗೊಂಡ ಐವರಲ್ಲಿ ಲಾರ್ಡ್ ಒಬ್ಬರೇ ಹೆಣ್ಣು. ಪ್ರಶಸ್ತಿ ಬ್ರೂನೊ ಮಾರ್ಸ್ ಪಾಲಾಯಿತು. ಒಂದು ಹಾಡು ಒಂಬತ್ತು ವಾರ ತುದಿಯಲ್ಲಿದ್ದವಳಿಗೆ ಇದು ಇಳಿಕೆ ಎಂದು ಹೇಳುವವರಿದ್ದರು. ಪಟ್ಟಿಯನ್ನೇ ನೋಡುವವರಿಗೆ ಹಾಗನ್ನಿಸಿದರೆ ಆಶ್ಚರ್ಯವಿಲ್ಲ. ಹನ್ನೊಂದೂ ಹಾಡು ಕೇಳಿದವರಿಗೆ ಹಾಗನ್ನಿಸುವುದು ಕಷ್ಟ.

ಇನ್ನು ಬೆಳವಣಿಗೆ ಒಮ್ಮೆ ಬಂದರೆ ಉಳಿಯುತ್ತದೆ ಎಂದೇನೂ ಇಲ್ಲ. 2021ರ 'ಸೋಲಾರ್ ಪವರ್' ಬಿಸಿಲು, ಕಡಲು, ಅಕೌಸ್ಟಿಕ್ ಗಿಟಾರುಗಳ ತಣ್ಣನೆಯ ಆಲ್ಬಮ್. ಖ್ಯಾತಿಯಿಂದ ದೂರ ಸರಿದವಳ ನೆಮ್ಮದಿ ಅದರಲ್ಲಿದೆ, ಅದರ ಐದು ಹಾಡುಗಳನ್ನು ಮಾವೊರಿ ಭಾಷೆಯಲ್ಲಿ ಮತ್ತೆ ಹಾಡಿದ್ದು ಗೌರವದ ಕೆಲಸ. ಆದರೆ ಕೃತಿಯಾಗಿ ಅದು ತೆಳು. ಹಾಡುವವಳು ತನ್ನೊಂದಿಗೆ ಜಗಳವಾಡುವುದನ್ನು ನಿಲ್ಲಿಸಿದ್ದಾಳೆ, ಹಾಗಾಗಿ ಹಾಡುಗಳಲ್ಲಿ ಎಳೆತವಿಲ್ಲ. ವಯಸ್ಸಾಗುವುದು, ಮಾಗುವುದು ಎರಡೂ ಒಂದೇ ಅಲ್ಲ ಎನ್ನಲು ಆಕೆಯ ಆಲ್ಬಮ್‌ಗಳೇ ಸಾಕು.

ಈ ಮಾತುಗಳನ್ನು ಓದುಗರು ತಾವೇ ಪರೀಕ್ಷಿಸಬೇಕೆಂದು ನನ್ನ ಕೋರಿಕೆ. ಎರಡೂ ಆಲ್ಬಮ್ ಸೇರಿ ಒಂದೂವರೆ ಗಂಟೆಯೂ ಆಗುವುದಿಲ್ಲ. ಫೋನಿನ ಆ್ಯಪ್ ತಾನಾಗಿ ಕಲಸಿಕೊಡುವ ಕ್ರಮ ಬಿಟ್ಟು, ಮೊದಲು 'ಪ್ಯೂರ್ ಹೆರೊಯಿನ್', ಆಮೇಲೆ 'ಮೆಲೊಡ್ರಾಮಾ', ಹಾಡುಗಳನ್ನು ಜೋಡಿಸಿದ ಕ್ರಮದಲ್ಲೇ ಕೇಳಿ. ಬಿಡುವು ಅಷ್ಟಿಲ್ಲದಿದ್ದರೆ 'ರಿಬ್ಸ್' ಮತ್ತು 'ಸೂಪರ್‌ಕಟ್' ಎರಡನ್ನಾದರೂ ಒಂದರ ಹಿಂದೊಂದು ಕೇಳಿ.